ಉದ್ಯೋಗದ ಅರ್ಜಿಯೂ ಅಳತೆ ಪುಸ್ತಕವೂ: ಆಯ್ಕೆಯ ಮಾನದಂಡಗಳಿಗೆ ಉತ್ತರ ಬರೆಯುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಸದಸ್ಯರ ಮನೆಬಾಗಿಲಿಗೆ ಬರುವ ಕೋರಿಕೆಗಳಲ್ಲಿ ನೀರು, ರಸ್ತೆ, ವಸತಿಗಳ ಜೊತೆಗೆ ಉದ್ಯೋಗದ ಕೋರಿಕೆಯೂ ತಪ್ಪದೆ ಇರುತ್ತದೆ. “ನಮ್ಮ ಹುಡುಗ ಅರ್ಜಿ ಹಾಕ್ಯಾನ್ರಿ, ನಿಮ್ಮದೊಂದು ಲೆಟರ್ ಕೊಡ್ರಿ” ಎಂದು ಪೋಷಕರು ಕೇಳುತ್ತಾರೆ. ನಾವೂ ಮನಸ್ಸು ಕರಗಿ, “ಇವರು ನನಗೆ ಪರಿಚಿತರು, ಸದ್ಗುಣವಂತರು, ಬಡ ಕುಟುಂಬದವರು” ಎಂದು ಒಂದು ಪತ್ರ ಬರೆದು ಮೊಹರು ಹಾಕಿ ಕೊಡುತ್ತೇವೆ. ಆ ಪತ್ರದಿಂದ ಅಭ್ಯರ್ಥಿಗೆ ಒದಗುವ ನೆರವು ಅತ್ಯಲ್ಪ. ಬೇಕಾಗಿರುವ ನೆರವು ಬೇರೆಯೇ ಇದೆ ಮತ್ತು ಅದು ಪಂಚಾಯತಿಯ ಕೈಯಳತೆಯಲ್ಲಿಯೇ ಇದೆ. ಅದನ್ನು ವಿವರಿಸುವುದು ಈ ಪಾಠದ ಉದ್ದೇಶ.

1. ಈ ವಿಷಯವು ಪಂಚಾಯತಿಗೆ ಸಂಬಂಧಿಸಿದ್ದೇಕೆ?

ಭಂಕೂರು ಮತ್ತು ಅದರ ಸುತ್ತಲಿನ ಊರುಗಳಲ್ಲಿ ದುಡಿಮೆಗೆ ಕೊರತೆಯಿಲ್ಲ. ಶಹಾಬಾದಿನ ಫರ್ಸಿ ಕಲ್ಲಿನ ಗಣಿಗಳು, ಕಲ್ಲು ಕೊಯ್ಯುವ ಹಾಗೂ ಪಾಲಿಶ್ ಮಾಡುವ ಘಟಕಗಳು, ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು, ತೊಗರಿಯ ಹೊಲಗಳು, ಸ್ವಸಹಾಯ ಸಂಘಗಳು, ಇವೆಲ್ಲವುಗಳಲ್ಲಿ ನಮ್ಮ ಯುವಕ ಯುವತಿಯರು ಹತ್ತನೆಯ ತರಗತಿ ಮುಗಿಯುವ ಮೊದಲೇ ಕೈಹಚ್ಚಿರುತ್ತಾರೆ. ಆದರೆ ಅರ್ಜಿ ನಮೂನೆಯಲ್ಲಿ “ನಿಮ್ಮ ಅನುಭವವನ್ನು ವಿವರಿಸಿ” ಎಂಬ ಅಂಕಣ ಬಂದಾಗ “ಅನುಭವ ಇಲ್ಲ” ಎಂದು ಬರೆಯುತ್ತಾರೆ, ಇಲ್ಲವೇ ಅಂಕಣವನ್ನು ಖಾಲಿ ಬಿಡುತ್ತಾರೆ. ಮಾಡಿದ ಕೆಲಸವಿದ್ದೂ ಬರೆಯಲಾಗದ ಕಾರಣಕ್ಕೆ ಅವಕಾಶ ಕೈತಪ್ಪುತ್ತದೆ.

ಇದನ್ನು ನಾನು ಅರಿತದ್ದು ನನ್ನದೇ ಲೋಪದಿಂದ. 2020ರ ಮೇ ತಿಂಗಳಿನಲ್ಲಿ ಮುಂಬೈ, ಪುಣೆಗಳಿಗೆ ದುಡಿಯಲು ಹೋಗಿದ್ದ ಕುಟುಂಬಗಳು ನಮ್ಮ ಜಿಲ್ಲೆಗೆ ಮರಳಿದವು. ಶಾಲೆ ಮತ್ತು ವಸತಿನಿಲಯಗಳಲ್ಲಿ ಅವರಿಗೆ ಕ್ವಾರಂಟೈನ್ ವ್ಯವಸ್ಥೆಯಾಯಿತು. ನಾನು ಆಗ ಕಾರ್ಯನಿರ್ವಹಿಸುತ್ತಿದ್ದ ಪಂಚಾಯತಿಯಲ್ಲಿ ಸ್ವಸಹಾಯ ಸಂಘದ ಒಬ್ಬ ಮಹಿಳೆ ದಿನವೂ ಶಾಲೆಯ ಗೇಟಿನ ಬಳಿ ಕುಳಿತು ಬಂದವರ ಹೆಸರು, ಊರು, ಬಂದ ದಿನಾಂಕ, ಮಕ್ಕಳ ಸಂಖ್ಯೆ ಎಲ್ಲವನ್ನೂ ದಾಖಲಿಸಿದರು. ಊಟದ ಲೆಕ್ಕವೂ ಅವರದೇ. ಮರುವರ್ಷ ಅವರು ಗುತ್ತಿಗೆ ಆಧಾರದ ಮೇಲ್ವಿಚಾರಕಿಯ ಹುದ್ದೆಯೊಂದಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿಯಲ್ಲಿ ಅವರು ಬರೆದದ್ದು “ನನಗೆ ಸಮಾಜ ಸೇವೆಯಲ್ಲಿ ಆಸಕ್ತಿ ಇದೆ” ಎಂಬ ಒಂದೇ ವಾಕ್ಯ. ನಾನು ಬರೆದುಕೊಟ್ಟದ್ದು ಸದ್ಗುಣದ ಪತ್ರ. ಅವರು ಆಯ್ಕೆಯಾಗಲಿಲ್ಲ.

ಕೆಲವು ತಿಂಗಳ ನಂತರ ಅವರೇ ಕಚೇರಿಗೆ ಬಂದು, “ಸಾರ್, ಆಗ ನಾ ಎಷ್ಟ್ ದಿನ ಕೆಲಸ ಮಾಡೀನಿ ಅಂತ ಬರದು ಕೊಡ್ರಿ” ಎಂದು ಕೇಳಿದರು. ಆ ರಿಜಿಸ್ಟರ್ ಹುಡುಕಿದೆವು. ಶಾಲೆಯಲ್ಲೂ ಇರಲಿಲ್ಲ, ಕಚೇರಿಯಲ್ಲೂ ಇರಲಿಲ್ಲ. ಅವರು ದುಡಿದದ್ದು ಇಡೀ ಊರಿಗೆ ಗೊತ್ತಿತ್ತು. ಕಾಗದದಲ್ಲಿ ಮಾತ್ರ ಇರಲಿಲ್ಲ.

2. ಅರ್ಹತೆ ಬೇರೆ, ಆಯ್ಕೆಯ ಮಾನದಂಡ ಬೇರೆ

ಅಧಿಸೂಚನೆಯಲ್ಲಿ ಎರಡು ಬಗೆಯ ಷರತ್ತುಗಳಿರುತ್ತವೆ. ಇವುಗಳನ್ನು ಮೊದಲು ಬೇರ್ಪಡಿಸಿ ಓದಬೇಕು.

ಮೊದಲನೆಯದು ಅರ್ಹತೆ. ವಯಸ್ಸು, ವಿದ್ಯಾರ್ಹತೆ, ವಾಸಸ್ಥಳ, ಮೀಸಲಾತಿ ಇತ್ಯಾದಿ. ಇದಕ್ಕೆ ಉತ್ತರ “ಹೌದು” ಅಥವಾ “ಇಲ್ಲ” ಮಾತ್ರ. ಪ್ರಮಾಣಪತ್ರವೇ ಅದರ ಸಾಕ್ಷಿ. ಲೋಕಸೇವಾ ಆಯೋಗ ಮುಂತಾದ ಸಂಸ್ಥೆಗಳು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ನಡೆಸುವ ನೇಮಕಾತಿಗಳಲ್ಲಿ ವಿವರಣಾತ್ಮಕ ಉತ್ತರಗಳಿಗಿಂತ ಈ ಪ್ರಮಾಣಪತ್ರಗಳೇ ಮುಖ್ಯ. ಸಂವಿಧಾನದ 371(ಜೆ) ವಿಧಿಯ ಅನ್ವಯ 2013ರಲ್ಲಿ ಹೊರಡಿಸಿದ ಆದೇಶದಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ‘ಸಿ’ ಹುದ್ದೆಗಳ ಶೇ. 80 ಹಾಗೂ ಗ್ರೂಪ್ ‘ಡಿ’ ಹುದ್ದೆಗಳ ಶೇ. 85 ಸ್ಥಳೀಯರಿಗೆ ಮೀಸಲು. ಈ ಅರ್ಹತಾ ಪ್ರಮಾಣಪತ್ರವನ್ನು ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರಿಂದ ಪಡೆಯಬೇಕು. ಇದಲ್ಲದೆ ರಾಜ್ಯದ ನೇರ ನೇಮಕಾತಿಗಳಲ್ಲಿ 1ರಿಂದ 10ನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 25 ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ನಮ್ಮ ಬಹುಪಾಲು ಮಕ್ಕಳು ಈ ಮೂರಕ್ಕೂ ಅರ್ಹರು. ಆದರೆ ಕೊನೆಯ ದಿನಾಂಕ ಹತ್ತಿರ ಬಂದಾಗ ಪ್ರಮಾಣಪತ್ರಕ್ಕಾಗಿ ಓಡಾಡಿ, ದೊರೆಯದೆ, ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕುವವರಿದ್ದಾರೆ. ಓದು ಮುಗಿಸಿದ ವರ್ಷವೇ ಇವುಗಳನ್ನು ಮಾಡಿಸಿಡಬೇಕೆಂದು ಪ್ರತಿ ವಾರ್ಡಿನಲ್ಲಿಯೂ ತಿಳಿಹೇಳುವುದು ಸದಸ್ಯರಿಂದ ಸಾಧ್ಯ.

ಎರಡನೆಯದು ಆಯ್ಕೆಯ ಮಾನದಂಡ. “ಸಮುದಾಯದೊಂದಿಗೆ ಕೆಲಸ ಮಾಡುವ ಸಾಮರ್ಥ್ಯ”, “ದಾಖಲೆ ನಿರ್ವಹಣೆ”, “ಸಮಸ್ಯೆ ಪರಿಹರಿಸುವ ಕೌಶಲ”, “ಸುರಕ್ಷತೆಯ ಅರಿವು” ಮೊದಲಾದವು. ಇಲ್ಲಿ ಕೇಳುತ್ತಿರುವುದು “ಇದೆಯೇ?” ಎಂದಲ್ಲ, “ಎಷ್ಟಿದೆ? ಎಲ್ಲಿ ತೋರಿಸಿದ್ದೀರಿ?” ಎಂದು. ಯೋಜನೆಗಳ ಗುತ್ತಿಗೆ ಹುದ್ದೆಗಳು, ಸಂಜೀವಿನಿ ಒಕ್ಕೂಟಗಳ ಪುಸ್ತಕ ಬರಹಗಾರರು ಮತ್ತು ಸಂಪನ್ಮೂಲ ವ್ಯಕ್ತಿಗಳು, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತರು, ಕಾರ್ಖಾನೆಗಳ ತರಬೇತಿ ಹುದ್ದೆಗಳು, ಇಂತಹ ಕಡೆಗಳಲ್ಲಿ ಅರ್ಜಿಯಲ್ಲಿಯೋ ಸಂದರ್ಶನದಲ್ಲಿಯೋ ಈ ಪ್ರಶ್ನೆಗಳು ಎದುರಾಗುತ್ತವೆ. ಹೊರದೇಶಗಳಲ್ಲಿಯೂ ಈ ಪದ್ಧತಿಯಿದೆ. ಆಸ್ಟ್ರೇಲಿಯಾದ ಸರ್ಕಾರಿ ಹುದ್ದೆಗಳಿಗೆ ಪ್ರತಿ ಮಾನದಂಡಕ್ಕೂ ಲಿಖಿತ ಉತ್ತರ ಕೇಳುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಬ್ರಿಟನ್ನಿನ ನಾಗರಿಕ ಸೇವೆಯಲ್ಲಿ ಒಂದೊಂದು ಗುಣಕ್ಕೂ 250 ಪದಗಳ ಮಿತಿಯಲ್ಲಿ ಉದಾಹರಣೆ ಬರೆಯಿಸುತ್ತಾರೆ. ಎಲ್ಲಿಯಾದರೂ ನಿಯಮ ಒಂದೇ: ಗುಣವನ್ನು ಹೇಳಿಕೊಳ್ಳಬಾರದು, ಘಟನೆಯಿಂದ ತೋರಿಸಬೇಕು.

3. ಅಳತೆ ಪುಸ್ತಕದ ಪಾಠ

ಈ ನಿಯಮ ಸದಸ್ಯರಿಗೆ ಹೊಸದಲ್ಲ. ಕಾಮಗಾರಿಯ ಅಳತೆ ಪುಸ್ತಕವನ್ನು ತಾವೆಲ್ಲರೂ ನೋಡಿದ್ದೀರಿ. ಅದರಲ್ಲಿ ಕಿರಿಯ ಅಭಿಯಂತರರು “ಬದು ಬಹಳ ಚೆನ್ನಾಗಿ ಮೂಡಿಬಂದಿದೆ” ಎಂದು ಬರೆದರೆ ಬಿಲ್ಲು ಪಾಸಾಗುವುದಿಲ್ಲ. ಉದ್ದ 10 ಮೀಟರ್, ಅಗಲ 1 ಮೀಟರ್, ಆಳ 0.6 ಮೀಟರ್, ಒಟ್ಟು 6 ಘನ ಮೀಟರ್ ಎಂದು ಬರೆದಾಗಲೇ ಹಣ ಸಂದಾಯವಾಗುತ್ತದೆ. ಮೆಚ್ಚುಗೆಯ ಮಾತಿಗೆ ದರಪಟ್ಟಿಯಲ್ಲಿ ದರವಿಲ್ಲ.

ಗಾಂಧಿ ಗ್ರಾಮ ಪುರಸ್ಕಾರಕ್ಕೆ ನಾವು ಪ್ರಶ್ನಾವಳಿ ತುಂಬುವಾಗಲೂ ಇದೇ ಕ್ರಮ. “ನಮ್ಮ ಪಂಚಾಯತಿ ಸ್ವಚ್ಛವಾಗಿದೆ” ಎಂಬ ಹೇಳಿಕೆಗೆ ಅಂಕವಿಲ್ಲ. ದಾಖಲೆ ಹಾಗೂ ಸಂಖ್ಯೆಗಳಿಗೆ ಅಂಕವಿದೆ. ಪಂಚಾಯತಿಯು ತನ್ನ ಪರವಾಗಿ ಮಾಡುವ ಈ ಕೆಲಸವನ್ನೇ ಅಭ್ಯರ್ಥಿಯು ತನ್ನ ಪರವಾಗಿ ಮಾಡಬೇಕಾಗಿದೆ.

4. ಉತ್ತರದ ನಾಲ್ಕು ಅಂಗಗಳು

ಕಾಮಗಾರಿಗೆ ಉದ್ದ, ಅಗಲ, ಆಳಗಳಿರುವಂತೆ ಉತ್ತಮ ಉತ್ತರಕ್ಕೆ ನಾಲ್ಕು ಅಳತೆಗಳಿವೆ.

ಅ) ಸಂದರ್ಭ: ಎಲ್ಲಿ, ಯಾವಾಗ, ಏನು ತೊಂದರೆಯಿತ್ತು? ಒಂದೆರಡು ವಾಕ್ಯ ಸಾಕು.
ಆ) ಹೊಣೆ: ಅದರಲ್ಲಿ ನಿಮಗೆ ವಹಿಸಿದ ಅಥವಾ ನೀವೇ ವಹಿಸಿಕೊಂಡ ಕೆಲಸ ಯಾವುದು?
ಇ) ಕ್ರಿಯೆ: ನೀವು ಏನು ಮಾಡಿದಿರಿ? ಉತ್ತರದ ಅರ್ಧಕ್ಕಿಂತ ಹೆಚ್ಚು ಭಾಗ ಇದಕ್ಕೆ ಮೀಸಲಾಗಬೇಕು.
ಈ) ಫಲ: ಕೊನೆಗೆ ಏನಾಯಿತು? ಸಾಧ್ಯವಾದಷ್ಟು ಸಂಖ್ಯೆಯಲ್ಲಿ, ಸಾಕ್ಷಿ ಎಲ್ಲಿದೆ ಎಂಬುದರೊಂದಿಗೆ.

ಉತ್ತರ ಬರೆಯುವ ಮೊದಲು ಮಾನದಂಡವನ್ನು ಬಿಡಿಸಿ ನೋಡಬೇಕು. “ಸ್ವಸಹಾಯ ಸಂಘಗಳೊಂದಿಗೆ ಕೆಲಸ ಮಾಡಿ ಲೆಕ್ಕಪತ್ರ ನಿರ್ವಹಿಸಿದ ಅನುಭವ ಹಾಗೂ ಸಮಸ್ಯೆ ಪರಿಹರಿಸುವ ಸಾಮರ್ಥ್ಯ” ಎಂಬುದು ನೋಡಲು ಒಂದೇ ಸಾಲು. ಅದರೊಳಗೆ ಮೂರು ಪ್ರಶ್ನೆಗಳಿವೆ: ಸಂಘದೊಂದಿಗಿನ ಕೆಲಸ, ಲೆಕ್ಕ, ಸಮಸ್ಯೆಯ ಪರಿಹಾರ. ಯಾವುದಾದರೂ ಒಂದಕ್ಕೆ ಉತ್ತರಿಸಿ ಉಳಿದೆರಡನ್ನು ಬಿಟ್ಟರೆ ಆ ಭಾಗದ ಅಂಕಗಳು ಹೋದವೆಂದೇ ತಿಳಿಯಬೇಕು. ಪೆನ್ನಿನಿಂದ ಮೂರೂ ಪದಗಳ ಕೆಳಗೆ ಗೆರೆ ಎಳೆದು, ಉತ್ತರ ಮುಗಿದ ಮೇಲೆ ಮೂರಕ್ಕೂ ಉತ್ತರ ಬಂದಿದೆಯೇ ಎಂದು ಹೊಂದಿಸಿ ನೋಡುವುದು ಒಳ್ಳೆಯ ಅಭ್ಯಾಸ.

5. ಒಂದು ಮಾನದಂಡ, ಎರಡು ಉತ್ತರಗಳು

ಪಾಠಕ್ಕಾಗಿ ರಚಿಸಿದ ಉದಾಹರಣೆ ಇದು. ಮೇಲಿನ ಮಾನದಂಡಕ್ಕೇ ಬರೆದ ಎರಡು ಉತ್ತರಗಳನ್ನು ಹೋಲಿಸಿ ನೋಡಬಹುದು.

ಮೊದಲ ಉತ್ತರ: “ನಾನು ಹಲವು ವರ್ಷಗಳಿಂದ ಸ್ವಸಹಾಯ ಸಂಘದಲ್ಲಿ ಸಕ್ರಿಯವಾಗಿ ತೊಡಗಿಸಿಕೊಂಡಿದ್ದೇನೆ. ನನಗೆ ಲೆಕ್ಕಪತ್ರದ ಬಗ್ಗೆ ಉತ್ತಮ ಜ್ಞಾನವಿದೆ. ಯಾವುದೇ ಸಮಸ್ಯೆ ಬಂದರೂ ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಂಡು ಪರಿಹರಿಸುತ್ತೇನೆ. ಅವಕಾಶ ನೀಡಿದರೆ ಪ್ರಾಮಾಣಿಕವಾಗಿ ದುಡಿಯುತ್ತೇನೆ.”

ಎರಡನೆಯ ಉತ್ತರ: “ನಾನು ಮೂರು ವರ್ಷಗಳಿಂದ ನಮ್ಮೂರಿನ 12 ಸದಸ್ಯೆಯರ ಸಂಘದ ಪುಸ್ತಕ ಬರೆಯುತ್ತಿದ್ದೇನೆ. ಕಳೆದ ವರ್ಷ ವಾರದ ಸಭೆಗೆ ಐದಾರು ಜನ ಮಾತ್ರ ಬರುತ್ತಿದ್ದರು. ನಾಲ್ವರ ಸಾಲದ ಕಂತು ಒಟ್ಟು ರೂ. 18,000 ಬಾಕಿಯಾಗಿತ್ತು. ಬಾಕಿಯ ಕಾರಣ ತಿಳಿಯುವ ಕೆಲಸವನ್ನು ಸಂಘ ನನಗೆ ಒಪ್ಪಿಸಿತು. ನಾನು ನಾಲ್ವರ ಮನೆಗೂ ಹೋಗಿ ಮಾತನಾಡಿದೆ. ಮೂವರು ಕಲ್ಲಿನ ಪಾಲಿಶ್ ಘಟಕಕ್ಕೆ ಬೆಳಿಗ್ಗೆಯೇ ಹೋಗುವವರು. ನಮ್ಮ ಸಭೆಯೂ ಬೆಳಿಗ್ಗೆಯೇ ಇತ್ತು. ಸಭೆಯನ್ನು ಸಂಜೆ ಏಳಕ್ಕೆ ಬದಲಾಯಿಸಲು ನಾನು ಪ್ರಸ್ತಾಪಿಸಿದೆ, ಸಂಘ ಒಪ್ಪಿತು. ನಾಲ್ಕನೆಯವರ ಮನೆಯಲ್ಲಿ ಕಾಯಿಲೆಯಿತ್ತು. ಅವರ ಕಂತನ್ನು ಚಿಕ್ಕದಾಗಿ ಒಡೆದು ಹೊಸ ಪಟ್ಟಿ ಬರೆದೆ. ಪ್ರತಿ ಸಭೆಯಲ್ಲಿಯೂ ಬಾಕಿಯ ಮೊತ್ತವನ್ನು ಓದಿ ಹೇಳಿ ನಡಾವಳಿಯಲ್ಲಿ ದಾಖಲಿಸಿದೆ. ಐದು ತಿಂಗಳಲ್ಲಿ ರೂ. 15,000 ವಸೂಲಾಯಿತು. ಈಗ ಸಭೆಗೆ ಹತ್ತು ಜನ ಬರುತ್ತಾರೆ. ನಡಾವಳಿ ಪುಸ್ತಕ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಲಗತ್ತಿಸಿದೆ.”

ಇಬ್ಬರೂ ಒಬ್ಬರೇ ಆಗಿರಬಹುದು. ಮೊದಲ ಉತ್ತರವನ್ನು ಯಾರು ಬೇಕಾದರೂ ಬರೆಯಬಹುದು. ಎರಡನೆಯದನ್ನು ಆ ಕೆಲಸ ಮಾಡಿದವರು ಮಾತ್ರ ಬರೆಯಬಲ್ಲರು. ಇನ್ನೊಂದು ಅಂಶವನ್ನು ಗಮನಿಸಬೇಕು: ಪೂರ್ತಿ 18,000 ವಸೂಲಾಯಿತೆಂದು ಆಕೆ ಬರೆದಿಲ್ಲ. ಉಳಿದ 3,000 ರೂಪಾಯಿಯನ್ನು ಮರೆಮಾಚದಿರುವುದೇ ಉಳಿದ ಅಂಕಿಗಳಿಗೆ ನಂಬಿಕೆ ತರುತ್ತದೆ. ಸಂದರ್ಶನದಲ್ಲಿ “ಉಳಿದದ್ದು ಏನಾಯಿತು?” ಎಂದು ಕೇಳಿದರೆ ಅವಳ ಬಳಿ ಉತ್ತರವಿದೆ.

6. “ನನಗೆ ಅನುಭವ ಇಲ್ಲ” ಎನ್ನುವವರಿಗೆ

ಸಂಬಳದ ಕೆಲಸ ಮಾತ್ರ ಅನುಭವ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಈ ಕೆಳಗಿನವುಗಳೂ ಅನುಭವವೇ:

- ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಕಾಯಕ ಬಂಧುವಾಗಿ ಹಾಜರಾತಿ ದಾಖಲಿಸಿದ್ದು. ಎಷ್ಟು ಜನರ ತಂಡ, ಎಷ್ಟು ದಿನ?
- ಪಾಲಿಶ್ ಘಟಕದಲ್ಲಿ ಎರಡು ವರ್ಷ ದುಡಿದದ್ದು. ಯಂತ್ರವನ್ನು ತೊಳೆಯುವ ಮೊದಲು ಮೇನ್ ಸ್ವಿಚ್ ತೆಗೆಯುವುದು, ಧೂಳು ಏಳದಂತೆ ಬ್ಲೇಡಿಗೆ ನೀರು ಹಾಯಿಸುವುದು, ದಿನದ ಚದರ ಅಡಿ ಲೆಕ್ಕ ಬರೆಯುವುದು, ಇವೆಲ್ಲ ಕಾರ್ಖಾನೆ ಕೇಳುವ “ಸುರಕ್ಷತೆಯ ಅರಿವು” ಮತ್ತು “ಉತ್ಪಾದನಾ ದಾಖಲೆ”ಗೆ ನೇರ ಉತ್ತರಗಳು.
- ತಂದೆಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಬರೆದದ್ದು.
- ಬೇಸಿಗೆಯಲ್ಲಿ ಟ್ಯಾಂಕರ್ ನೀರು ಓಣಿಯ ಮನೆಗಳಿಗೆ ಸರದಿಯಲ್ಲಿ ಸಿಗುವಂತೆ ನೋಡಿಕೊಂಡದ್ದು.
- 2020ರ ಅಕ್ಟೋಬರಿನಲ್ಲಿ ಭೀಮಾ ಪ್ರವಾಹ ಬಂದಾಗ ಕಾಳಜಿ ಕೇಂದ್ರಗಳಲ್ಲಿ ಕೈಜೋಡಿಸಿದ್ದು.
- ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಓದಿಸಿದ್ದು.

ಇಂತಹ ಪ್ರತಿಯೊಂದಕ್ಕೂ ದಿನ, ಜನ, ಪ್ರಮಾಣ ಈ ಮೂರನ್ನು ನೆನಪಿಸಿ ಬರೆದಿಟ್ಟುಕೊಳ್ಳಲು ಹೇಳಬೇಕು. ಒಂದು ನೋಟ್ ಪುಸ್ತಕ ಸಾಕು. ಅದೇ ಅಭ್ಯರ್ಥಿಯ ಅಳತೆ ಪುಸ್ತಕ.

7. ತಪ್ಪಿಸಬೇಕಾದ ದೋಷಗಳು

“ನಾವು” ಎಂಬ ಪದ: ನಮ್ಮ ಸೀಮೆಯಲ್ಲಿ “ನಾನು ಮಾಡಿದೆ” ಎನ್ನುವುದು ಅಹಂಕಾರವೆನಿಸುತ್ತದೆ. ಹೀಗಾಗಿ, ವಿಶೇಷವಾಗಿ ಮಹಿಳೆಯರು, ತಾವೊಬ್ಬರೇ ಮಾಡಿದ್ದನ್ನೂ “ನಾವೆಲ್ಲ ಸೇರಿ ಮಾಡಿದೆವು” ಎಂದು ಬರೆಯುತ್ತಾರೆ. ಅರ್ಜಿ ಓದುವವರಿಗೆ ಅದರಲ್ಲಿ ಇವರ ಪಾಲು ಎಷ್ಟೆಂದು ತಿಳಿಯುವುದಿಲ್ಲ. ಸಂಘದ ಹೆಸರನ್ನು ಒಮ್ಮೆ ಹೇಳಿ, ನಂತರ ತನ್ನ ಪಾಲನ್ನು “ನಾನು” ಎಂದೇ ಬರೆಯಬೇಕು. ಸತ್ಯ ಹೇಳುವುದು ಜಂಭವಲ್ಲ.

ನಕಲು ಉತ್ತರ: ಸೈಬರ್ ಅಂಗಡಿಯಲ್ಲಿ ಒಬ್ಬರಿಗೆ ಟೈಪಿಸಿದ ಉತ್ತರವನ್ನೇ ಹತ್ತು ಜನರಿಗೆ ಹೆಸರು ಬದಲಿಸಿ ಕೊಡುವುದುಂಟು. ಒಂದೇ ತಾಲೂಕಿನ ಅರ್ಜಿಗಳು ಒಂದೇ ಮೇಜಿಗೆ ಬರುತ್ತವೆ. ಸಾಲುಗಳು ಒಂದೇ ಆಗಿದ್ದರೆ ಹತ್ತೂ ಅರ್ಜಿಗಳ ಮೇಲೆ ಸಂಶಯ ಮೂಡುತ್ತದೆ.

ಉತ್ಪ್ರೇಕ್ಷೆ ಮತ್ತು ಸುಳ್ಳು: ಮಾಡದ ಕೆಲಸವನ್ನು ಬರೆದರೆ ಸಂದರ್ಶನದ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಸುಳ್ಳು ಪ್ರಮಾಣಪತ್ರ ಲಗತ್ತಿಸಿದರೆ ಆಯ್ಕೆ ರದ್ದಾಗುವುದಲ್ಲದೆ ಅದನ್ನು ಕೊಟ್ಟವರೂ ಉತ್ತರ ಹೇಳಬೇಕಾಗುತ್ತದೆ.

ಕಷ್ಟದ ನಿರೂಪಣೆ: ಬಡತನವನ್ನು ವಿವರಿಸಿ ಅನುಕಂಪ ಕೋರುವುದರಿಂದ ಮಾನದಂಡಕ್ಕೆ ಉತ್ತರ ದೊರೆಯುವುದಿಲ್ಲ. ಆ ಕಷ್ಟದ ನಡುವೆ ಏನನ್ನು ನಿಭಾಯಿಸಿದರೆಂಬುದನ್ನು ಬರೆದರೆ ಅದೇ ಉತ್ತರವಾಗುತ್ತದೆ.

8. ಪಂಚಾಯತಿಯ ಕರ್ತವ್ಯ

ಅಭ್ಯರ್ಥಿ ಎಷ್ಟು ಚೆನ್ನಾಗಿ ಬರೆದರೂ ಸಾಕ್ಷಿ ಬೇಕು. ಗ್ರಾಮದ ಕೆಲಸಗಳ ಸಾಕ್ಷಿ ಇರಬೇಕಾದದ್ದು ನಮ್ಮ ಕಚೇರಿಯಲ್ಲಿ. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಂದಿಗೆ ಕಾಪಾಡುವುದು ಮಾಹಿತಿ ಹಕ್ಕು ಅಧಿನಿಯಮ, 2005ರ 4ನೆಯ ಪ್ರಕರಣದಂತೆ ಪ್ರತಿ ಸಾರ್ವಜನಿಕ ಪ್ರಾಧಿಕಾರದ ಹೊಣೆ. ಈ ಹಿನ್ನೆಲೆಯಲ್ಲಿ ಪ್ರತಿ ಪಂಚಾಯತಿಯು ಈ ಕ್ರಮಗಳನ್ನು ಕೈಗೊಳ್ಳಬಹುದು:

(1) ಸ್ವಯಂಸೇವಕರ ವಹಿ. ಪ್ರವಾಹ, ಸಾಂಕ್ರಾಮಿಕ ರೋಗ, ನೀರಿನ ಅಭಾವ, ಸಮೀಕ್ಷೆ, ಲಸಿಕಾ ಶಿಬಿರ, ಸ್ವಚ್ಛತಾ ಅಭಿಯಾನ, ಇವುಗಳಲ್ಲಿ ದುಡಿದವರ ಹೆಸರು, ಕೆಲಸ, ದಿನಾಂಕಗಳನ್ನು ಆಯಾ ದಿನವೇ ದಾಖಲಿಸಿ ಸಹಿ ಪಡೆಯುವುದು. ತಿಂಗಳ ಸಾಮಾನ್ಯ ಸಭೆಯಲ್ಲಿ ಇದನ್ನು ಮಂಡಿಸುವುದು.

(2) ಶಿಫಾರಸಿನ ಬದಲು ದೃಢೀಕರಣ. “ಸದ್ಗುಣವಂತರು” ಎಂಬ ಪತ್ರದ ಬದಲಿಗೆ ದಾಖಲೆಯ ಆಧಾರದಿಂದ ಕಚೇರಿಯು ಹೀಗೆ ಬರೆದುಕೊಡಬೇಕು: “ಶ್ರೀಮತಿ ______ ಇವರು ದಿನಾಂಕ ______ರಿಂದ ______ರವರೆಗೆ ಒಟ್ಟು ____ ದಿನ ______ ಕೆಲಸವನ್ನು ನಿರ್ವಹಿಸಿರುತ್ತಾರೆ. ಇದು ಈ ಕಚೇರಿಯ ______ ವಹಿಯ ಪುಟ ಸಂಖ್ಯೆ ____ರಲ್ಲಿ ದಾಖಲಾಗಿದೆ.” ಕಚೇರಿ ಪ್ರತಿಯನ್ನು ಕಡ್ಡಾಯವಾಗಿ ಕಡತದಲ್ಲಿಡಬೇಕು.

(3) ಅರಿವು ಕೇಂದ್ರದಲ್ಲಿ ಅರ್ಜಿ ದಿನ. ತಿಂಗಳಿಗೊಮ್ಮೆ ಒಂದು ಸಂಜೆ, ಅಧಿಸೂಚನೆಗಳನ್ನು ಓದಿ ಹೇಳುವ ಮತ್ತು ಉತ್ತರಗಳನ್ನು ತಿದ್ದುವ ಕೆಲಸಕ್ಕೆ ಊರಿನ ಶಿಕ್ಷಕರು, ಪದವೀಧರರ ನೆರವು ಪಡೆಯಬಹುದು. ತಿದ್ದುವವರು ಭಾಷೆಯನ್ನು ತಿದ್ದಲಿ. ಅನುಭವವನ್ನು ಹೊಸದಾಗಿ ಸೃಷ್ಟಿಸಬಾರದು.

(4) ಸಮಾನ ಅವಕಾಶ. ದೃಢೀಕರಣ ಕೇಳಲು ಬಂದವರು ಯಾವ ಓಣಿಯವರು, ಯಾರಿಗೆ ಮತ ಹಾಕಿದವರು ಎಂಬುದು ಇಲ್ಲಿ ಅಪ್ರಸ್ತುತ. ವಹಿಯಲ್ಲಿ ಹೆಸರಿದ್ದವರಿಗೆ ಪತ್ರ ಸಿಗಬೇಕು. ಇಲ್ಲದವರಿಗೆ, ಅವರು ನಮ್ಮ ಬಂಧುಗಳೇ ಆದರೂ, ಸಿಗಬಾರದು. ಸದಸ್ಯರ ಪಾಲಿಗೆ ಈ ಪಾಠದ ಕಠಿಣವಾದ ಭಾಗ ಇದೇ.

ಪಂಚಾಯತಿಯು ತಾನೇ ಸಿಬ್ಬಂದಿಯನ್ನು ಆಯ್ಕೆ ಮಾಡುವ ಸಂದರ್ಭದಲ್ಲಿ ಸದಸ್ಯರು ಮೇಜಿನ ಆಚೆ ಬದಿಯಲ್ಲಿ ಕುಳಿತಿರುತ್ತಾರೆ. ಆಗಲೂ ನಿಯಮಗಳ ಚೌಕಟ್ಟಿನೊಳಗೆ ಇದೇ ಪ್ರಶ್ನೆಗಳನ್ನು ಕೇಳಬೇಕು: ಈ ಅಭ್ಯರ್ಥಿ ಏನು ಮಾಡಿದ್ದಾರೆ? ಸಾಕ್ಷಿ ಎಲ್ಲಿದೆ?

9. ಅಭ್ಯಾಸ

ಮುಂದಿನ ಸಭೆಗೆ ಬರುವ ಮೊದಲು ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಒಬ್ಬ ಉದ್ಯೋಗಾಕಾಂಕ್ಷಿಯೊಂದಿಗೆ ಅರ್ಧ ಗಂಟೆ ಕುಳಿತು ಈ ಐದು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದು ತರಬೇಕೆಂದು ಕೋರುತ್ತೇನೆ.

1. ನಿಮ್ಮಿಂದ ಊರಿಗಾಗಲಿ ಮನೆಗಾಗಲಿ ಸಂಘಕ್ಕಾಗಲಿ ಉಪಯೋಗವಾದ ಒಂದು ಕೆಲಸ ಯಾವುದು?
2. ಆಗ ಏನು ತೊಂದರೆಯಿತ್ತು?
3. ನೀವೊಬ್ಬರೇ ಮಾಡಿದ್ದು ಯಾವುದು?
4. ಎಷ್ಟು ದಿನ, ಎಷ್ಟು ಜನ, ಎಷ್ಟು ಹಣ ಅಥವಾ ಪ್ರಮಾಣ?
5. ಅದು ಎಲ್ಲಿ ಬರೆಯಲ್ಪಟ್ಟಿದೆ?

ಐದನೆಯ ಪ್ರಶ್ನೆಗೆ “ಎಲ್ಲಿಯೂ ಇಲ್ಲ” ಎಂಬ ಉತ್ತರ ಎಷ್ಟು ವಾರ್ಡುಗಳಿಂದ ಬಂದಿತೆಂಬುದನ್ನು ಸಭೆಯಲ್ಲಿ ಎಣಿಸೋಣ. ಆ ಸಂಖ್ಯೆ ಅಭ್ಯರ್ಥಿಗಳ ಲೋಪವನ್ನು ಸೂಚಿಸುವುದಿಲ್ಲ. ನಮ್ಮ ಕಚೇರಿಯ ಲೋಪವನ್ನು ಸೂಚಿಸುತ್ತದೆ.

ಮೇಲೆ ಹೇಳಿದ ಮಹಿಳೆಗೆ ನಾನು ಕೊನೆಗೂ ದಿನಗಳ ಲೆಕ್ಕ ಬರೆದುಕೊಡಲು ಆಗಲಿಲ್ಲ. ದಾಖಲೆಯಿಲ್ಲದೆ ಬರೆಯುವಂತಿರಲಿಲ್ಲ. ಅಂದಿನಿಂದ ನಾನಿರುವ ಕಚೇರಿಯಲ್ಲಿ ಸ್ವಯಂಸೇವಕರ ವಹಿ ಮೇಜಿನ ಮೇಲೆಯೇ ಇರುತ್ತದೆ. ಕೆಲಸ ಮುಗಿದ ದಿನವೇ ಅದರಲ್ಲಿ ಹೆಸರು ಬರೆಯಲಾಗುತ್ತದೆ. ತಮ್ಮ ಪಂಚಾಯತಿಯಲ್ಲಿಯೂ ಅಂತಹ ಒಂದು ವಹಿಯನ್ನು ಈ ತಿಂಗಳೇ ತೆರೆಯಬೇಕೆಂದು ವಿನಂತಿಸುತ್ತೇನೆ.